ಬದು ಜಗಳ ಮುಗಿದ್ಮೇಲೂ ಗುಂಡು ಯಾಕೆ ಹಾರ್ತಿತ್ತು?

ಹೋದ ಸಂಚಿಕೆಯ ಕೊರಿಯಾ ಯುದ್ಧದ (1950-53, ಒಂದ್ಕಡೆ ಉತ್ತರ ಕೊರಿಯಾ, ಚೀನಾ, ಇನ್ನೊಂದ್ಕಡೆ ದಕ್ಷಿಣ ಕೊರಿಯಾ, ಅಮೆರಿಕ) ಲೇಖನ ಓದಿ ಪಾಂಡವಪುರದ ಓದುಗರೊಬ್ರು ಬರ್ದಿದಾರೆ: "ನಮ್ಮೂರಲ್ಲಿ ಬದು ಜಗಳ ಆದ್ರೆ ಹಿರೀಕರು ಜಗಲಿ ಮೇಲೆ ಕೂತು ಸಂಜೆಯೊಳಗೆ ಮುಗಿಸ್ತಾರೆ. ಇವ್ರು ಯುದ್ಧ ನಿಲ್ಸೋಕೆ ಎರಡು ವರ್ಷ ಮಾತಾಡಿದ್ದೇನು, ಬರೀ ನಾಟಕ ಅಲ್ವಾ?"

ಸ್ವಾಮಿ, ನಾಟಕ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಒಂದು ಕಡೆಯೋರು ಸೋತಿದ್ರೆ ಮಾತುಕತೆ ಬೇಗ ಮುಗಿಯುತ್ತೆ ಕಣ್ರೀ. ನಿಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲೇ 1792ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕೋಟೆ ಮುತ್ತಿ ಕೂತು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಟಿಪ್ಪುವಿನ ಇಬ್ರು ಮಕ್ಕಳು ಒತ್ತೆ ಅಂದ, ಮಾರ್ಚ್‌ನಲ್ಲಿ ಸಹಿ ಬಿತ್ತು. ಕೊರಿಯಾದಲ್ಲಿ ಯಾರೂ ಸೋತಿರ್ಲಿಲ್ಲ, ಅದೇ ತೊಂದ್ರೆ.

1951ರ ಜುಲೈನಲ್ಲಿ ಮಾತುಕತೆ ಶುರು, ನೀವು ಹೇಳೋ ಬದು ಇದ್ಯಲ್ಲ, ಗಡಿ ಗೆರೆ, ಅದು ನವೆಂಬರ್ ಹೊತ್ತಿಗೇ ಹೆಚ್ಚುಕಮ್ಮಿ ತೀರ್ಮಾನ ಆಗಿತ್ತು. ಸಿಕ್ಕಾಕೊಂಡಿದ್ದು ಸೆರೆ ಸಿಕ್ಕ ಸೈನಿಕರ ವಿಷಯದಲ್ಲಿ. ಯುದ್ಧ ನಿಂತ್ಮೇಲೆ ಅವ್ರನ್ನ ತಡ ಮಾಡ್ದೆ ಊರಿಗೆ ಕಳಿಸ್ಬೇಕು ಅಂತ 1949ರ ಜಿನೀವಾ ಒಪ್ಪಂದ ಹೇಳುತ್ತೆ, ಚೀನಾ ಮತ್ತೆ ಉತ್ತರ ಕೊರಿಯಾ ಅದನ್ನೇ ಹಿಡ್ಕೊಂಡು ಕೂತ್ರು, ಇತ್ತ ಅಮೆರಿಕದ ಕಡೆ ಸೆರೆಯಲ್ಲಿದ್ದ ಸಾವಿರಾರು ಜನ ನಾವು ವಾಪಸ್ ಹೋಗಲ್ಲ ಅಂತಿದ್ರು (ಕ್ಯಾಂಪಲ್ಲಿ ಹೊಡೆದು ಬಡಿದು ಹಾಗೆ ಹೇಳಿಸಿದ್ದೂ ಉಂಟು), ಅವ್ರನ್ನ ಬಲವಂತವಾಗಿ ತಳ್ಳಲ್ಲ ಅಂತ ಅಮೆರಿಕ. ಯಾರು ಬಿಟ್ಕೊಟ್ರೂ ತಮ್ಮ ಜನರ ಮುಂದೆ ತಲೆ ಎತ್ತಂಗಿಲ್ಲ. ಹಾಗಾಗಿ ಮೇಜಿನ ಮೇಲೆ ಮಾತು, ಗುಡ್ಡದ ಮೇಲೆ ಸಾವು.

ಬಿಡಿಸಿದ್ದು ಹೆಂಗೆ ಅಂದ್ರೆ, ಹೋಗಲ್ಲ ಅಂದೋರನ್ನ ಮೂರನೆಯವರ ಕೈಗೆ ಕೊಡೋದು ಅಂತಾಯ್ತು. ಐದು ದೇಶಗಳ ಆಯೋಗ, ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ, ಕಾವಲಿಗೆ ಭಾರತದ ಸೈನಿಕರು. ಆ ಸೈನಿಕರು ತನ್ನ ನೆಲಕ್ಕೆ ಕಾಲಿಡಬಾರ್ದು ಅಂತ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದಿದ್ದಕ್ಕೆ ಹೆಲಿಕಾಪ್ಟರ್‌ನಲ್ಲೇ ಸಾಗಿಸಿದ್ರು! ಡೇರೆಯೊಳಗೆ ಕೈದಿಯನ್ನ ಕೂರಿಸಿ ಅವ್ನ ದೇಶದೋರು ಬಾರಪ್ಪ ಮನೆಗೆ ಅಂತ ಒಲಿಸೋರು, ಹೊರಗೆ ಹೋಗೋಕೆ ಎರಡು ಬಾಗಿಲು, ಯಾವುದರಲ್ಲಿ ಹೋಗ್ತಾನೋ ಅದೇ ಅವನ ಉತ್ತರ. ಎರಡೂ ಬೇಡ ಅಂದ 88 ಜನ ನಮ್ಮ ಸೈನಿಕರ ಜೊತೆ ಭಾರತಕ್ಕೇ ಬಂದ್ರು.

1953ರ ಜುಲೈ 27ರ ಬೆಳಿಗ್ಗೆ ಸಹಿ ಹಾಕ್ದೋರು ಒಬ್ರಿಗೊಬ್ರು ಕೈ ಕೂಡ ಕೊಡ್ಲಿಲ್ಲ, ಕದನವಿರಾಮ ಜಾರಿಗೆ ಬಂದಿದ್ದು ರಾತ್ರಿ ಹತ್ತಕ್ಕೆ. ಶಾಂತಿ ಒಪ್ಪಂದ ಇನ್ನೂ ಆಗಿಲ್ಲ, ಆದ್ರೂ ಆ ನಾಟಕವೇ ಹೆಣ ಬೀಳೋದನ್ನ ನಿಲ್ಲಿಸ್ತು ಅಂತ ನನ್ನ ಲೆಕ್ಕ.

ತಿಮ್ಮಯ್ಯನವರ ಬಗ್ಗೆ ಇನ್ನಷ್ಟು ಬರೀರಿ ಅಂದಿದೀರಿ, ಬರೆಸ್ತೀವಿ. ಅಷ್ಟರೊಳಗೆ ಮಡಿಕೇರಿ ಕಡೆ ಹೋದ್ರೆ ಅವ್ರು ಬೆಳೆದ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ ಆಗಿದೆ, ನೋಡ್ಕೊಂಡು ಬನ್ನಿ.