ಊರಲ್ಲಿರೋ ಅಪ್ಪ-ಅಮ್ಮನಿಗೆ ವಿದೇಶದಲ್ಲಿ ಕೂತು ದಿನಸಿ ತರಿಸಿಕೊಡೋರಿಗೆ

ಮೇಡಂ, ನಿಮ್ಮ ಪತ್ರ ನೋಡಿದೆ. ನೀವು ಅಮೆರಿಕದ ಡಲ್ಲಾಸ್‌ನಲ್ಲಿ ಕೂತು ಆ್ಯಪಲ್ಲಿ ಮೈಸೂರಿನ ಅಮ್ಮನಿಗೆ ತಿಂಗಳ ದಿನಸಿ, ಸೊಪ್ಪು, ಹಾಲು, ಮೊಸರು ಎಲ್ಲಾ ಒಂದೇ ಆರ್ಡರಿಗೆ ತುಂಬಿದ್ದೀರಿ. ಸಂಪರ್ಕಕ್ಕೆ ನಿಮ್ಮ ನಂಬರ್, ಮೇಲಿಂದ "ಬಾಗಿಲಲ್ಲಿ ಇಟ್ಟು ಹೋಗಿ" ಅಂತ ಸೂಚನೆ. ಅಮ್ಮನಿಗೆ ಗೊತ್ತಾಗೋ ಹೊತ್ತಿಗೆ ಹಾಲು ಒಡೆದಿತ್ತು ಅಂತೀರಿ. ಒಡೆಯದೆ ಇನ್ನೇನಾಗುತ್ತೆ? ಹೊರಗಿರೋ ಬಹಳ ಜನ ಇದನ್ನೇ ಮಾಡ್ತಾರೆ.

ಮೊದಲು ನಂಬರ್ ಸರಿಮಾಡಿ. ವಿಳಾಸದ ಜೊತೆ ಬೇರೆ ಫೋನ್ ನಂಬರ್ ಹಾಕೋ ಜಾಗ ಇದ್ದರೆ ಅಮ್ಮಂದು ಹಾಕಿ. ಇಲ್ಲದಿದ್ದರೆ ಖಾತೆಯನ್ನೇ ಅಮ್ಮನ ಸಿಮ್ಮಲ್ಲಿ ತೆರೆದು, ಒಂದು ಸಲ ಒಟಿಪಿ ಕೇಳಿಕೊಂಡು ನೀವು ಲಾಗಿನ್ ಆಗಿ. ತಂದವನ ಕರೆ ಮನೆಯಲ್ಲಿರೋರಿಗೇ ಹೋಗಬೇಕು, ನಡುರಾತ್ರಿ ಮಲಗಿರೋ ನಿಮಗಲ್ಲ. ಮ್ಯಾಪಿನ ಗುರುತನ್ನೂ ಗೇಟಿನ ಮೇಲೇ ಎಳೆದು ಇಡಿ. ದುಡ್ಡು ಕಟ್ಟುವಾಗ ಅಮೆರಿಕದ ಕಾರ್ಡ್ ಕೈಕೊಡೋದು ಮಾಮೂಲು; ಅನಿವಾಸಿ ಭಾರತೀಯರಿಗೆ ಇಲ್ಲಿನ ಬ್ಯಾಂಕು ಕೊಡೋ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಇದ್ದರೆ ನಿಮ್ಮ ಅಮೆರಿಕ ನಂಬರಿಗೇ ಯುಪಿಐ ಸಿಗುತ್ತೆ, ಬ್ಯಾಂಕಲ್ಲಿ ವಿಚಾರಿಸಿ.

ಆಮೇಲೆ ಆರ್ಡರ್ ಒಡೆಯಿರಿ. ಒಣ ಸಾಮಾನು ತಿಂಗಳಿಗೊಮ್ಮೆ, ತಲುಪೋ ಸಮಯ ಆರಿಸಿಕೊಳ್ಳೋಕಾಗೋ ಕಡೆಯಿಂದ. ತರಕಾರಿ ವಾರಕ್ಕೆ ಎರಡು ಸಲ, ಸ್ವಲ್ಪ ಸ್ವಲ್ಪ. ಹಾಲು ಮಾತ್ರ ಆ್ಯಪಲ್ಲಿ ಬೇಡವೇ ಬೇಡ. ಬೀದಿ ಕೊನೆಯ ನಂದಿನಿ ಬೂತಿನವರಿಗೆ ತಿಂಗಳ ದುಡ್ಡು ಕೊಟ್ಟರೆ ಮುಗೀತು. ನಿಮಿಷಗಳಲ್ಲಿ ತಂದುಕೊಡೋ ಬ್ಲಿಂಕಿಟ್, ಝೆಪ್ಟೊ, ಇನ್‌ಸ್ಟಾಮಾರ್ಟ್ ಆ್ಯಪುಗಳು ಮರೆತುಹೋದ ಎರಡು ಸಾಮಾನಿಗೆ ಚೆನ್ನ. ತಿಂಗಳ ದಿನಸಿಗೆ ಅಲ್ಲ, ಅವರ ಗೋದಾಮು ಚಿಕ್ಕದು, ಬೇಕಾದ ಬಗೆ ಸಿಗಲ್ಲ.

ನಿಜವಾದ ಕೆಲಸ ಇರೋದು ಚೀಟಿಯಲ್ಲಿ. "ಸೋನಾ ಮಸೂರಿ 10 ಕೆಜಿ" ಅಂದರೆ ಸಾಲದು. ಹಳೇ ಅಕ್ಕಿಯೋ ಹೊಸದೋ, ಸ್ಟೀಮೋ ರಾ ರೈಸೋ, ಎಲ್ಲಾ ನೋಡಿ. ಹೊಸ ಅಕ್ಕಿಗೆ ಎಂದಿನಷ್ಟೇ ನೀರಿಟ್ಟರೆ ಅನ್ನ ಮುದ್ದೆಯಾಗುತ್ತೆ. ರವೆ ಅಂತ ಹುಡುಕಿದರೆ ಚಿರೋಟಿ ರವೆ, ಬನ್ಸಿ ರವೆ, ಇಡ್ಲಿ ರವೆ ಒಟ್ಟಿಗೇ ಬರುತ್ತವೆ. ಚಿರೋಟಿ ರವೆಯಲ್ಲಿ ಉಪ್ಪಿಟ್ಟು ಮಾಡಿದರೆ ಅಂಟು. "ಇಲ್ಲದಿದ್ದರೆ ಬದಲಿ ಕೊಡಿ" ಅನ್ನೋ ಆಯ್ಕೆ ಇದ್ದರೆ ಅದನ್ನು ತೆಗೆದುಹಾಕಿ. ಬ್ಯಾಡಗಿ ಮೆಣಸಿನಕಾಯಿ ಬದಲು ಗುಂಟೂರು ಬಂದರೆ ಆ ತಿಂಗಳ ಸಾರು ಯಾರೂ ಉಣ್ಣೋಕಾಗಲ್ಲ. ತೊಗರಿಬೇಳೆ ಕಲಬುರಗಿದು ಸಿಕ್ಕರೆ ಅದನ್ನೇ ತಗೊಳ್ಳಿ, ತುಪ್ಪ ನಂದಿನಿ ಬಿಟ್ಟು ಬೇರೆ ಬೇಡ. ಒಮ್ಮೆ ಅಮ್ಮನ ಹತ್ತಿರ ಫೋನಲ್ಲಿ ಕೂತು ಬ್ರಾಂಡ್, ತೂಕ ಸಮೇತ ಚೀಟಿ ಮಾಡಿ ಉಳಿಸಿಟ್ಟುಕೊಳ್ಳಿ.

ಅಕ್ಕಿಯನ್ನು 26 ಕೆಜಿ ಮೂಟೆಯಲ್ಲಿ ತರಿಸಬೇಡಿ ದಯವಿಟ್ಟು. 2022ರಲ್ಲಿ 25 ಕೆಜಿವರೆಗಿನ ಪ್ಯಾಕಿಗೆ 5% ಜಿಎಸ್‌ಟಿ ಬಂದಮೇಲೆ, ಆ ತೆರಿಗೆ ತಪ್ಪಿಸೋಕೆ ಹುಟ್ಟಿದ ಮೂಟೆ ಅದು. ಅಗ್ಗ ಹೌದು, ಆದರೆ ಎತ್ತೋರು ಯಾರು? 5 ಕೆಜಿಯ ಎರಡು ಚೀಲ ಸಾಕು. ಹುಳ ಬೀಳೋದೂ ತಪ್ಪುತ್ತೆ.

ಸಾಮಾನು ಬಂದಾಗ ಅಮ್ಮ ಮೊದಲು ತಂಪಿನ ಪದಾರ್ಥ ಫ್ರಿಜ್ಜಿಗೆ ಹಾಕಲಿ, ಮೊಟ್ಟೆ, ಟೊಮೇಟೊ ನೋಡಲಿ, ಆಮೇಲೆ ಉಳಿದದ್ದು. ಎಲ್ಲಾ ಹರಡಿ ಒಂದು ಫೋಟೊ ನಿಮಗೆ ಕಳಿಸಲಿ, ಬಿಲ್ಲಿಗೆ ತಾಳೆ ಹಾಕೋದು ನಿಮ್ಮ ಕೆಲಸ. ದೂರು ಅವತ್ತೇ ಕೊಡಿ; ತರಕಾರಿಗೆ ವಾಪಸಾತಿ ಗಡುವು ಬಹಳ ಕಮ್ಮಿ. ಆನ್‌ಲೈನ್‌ನಲ್ಲಿ ಮಾರೋರು ಆಹಾರ ತಲುಪಿಸುವಾಗ ಬಾಳಿಕೆ ಅವಧಿಯ 30% ಅಥವಾ 45 ದಿನ ಉಳಿದಿರಬೇಕು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರಲ್ಲಿ ಹೇಳಿದೆ, ಅವಧಿ ಮುಗೀತಾ ಬಂದ ಹಿಟ್ಟು ಬಂದರೆ ಇದನ್ನೇ ಬರೆಯಿರಿ. ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915. ತೂಕದ ಬಗ್ಗೆ ಜಗಳಕ್ಕಿಳಿಯೋ ಮುಂಚೆ ಗೊತ್ತಿರಲಿ, 1 ಕೆಜಿ ಪ್ಯಾಕಿಗೆ 15 ಗ್ರಾಂ ಹೆಚ್ಚುಕಮ್ಮಿಗೆ ಕಾನೂನಲ್ಲೇ ಅವಕಾಶ ಇದೆ.

ತಂದುಕೊಟ್ಟ ಹುಡುಗನನ್ನು ಬೈಯಬೇಡಿ. ಪ್ಯಾಕ್ ಮಾಡಿದ್ದು ಅವನಲ್ಲ. ಮಹಡಿ ಹತ್ತಿಸಿದರೆ ಟಿಪ್ಸ್ ಕೊಡಿ. ವರಮಹಾಲಕ್ಷ್ಮಿ, ಗೌರಿ-ಗಣೇಶಕ್ಕೆ ಒಣ ಸಾಮಾನು ನಾಲ್ಕು ದಿನ ಮುಂಚೆಯೇ ತರಿಸಿ. ಬಾಳೆಎಲೆ, ಹೂವು ಅಮ್ಮ ಎದುರು ನಿಂತು ಆರಿಸಲಿ, ಅದನ್ನು ಯಾವ ಆ್ಯಪಿಗೂ ಬಿಡಬೇಡಿ.