ಸ್ಕೋರ್ ಹಾಳೆಯನ್ನು ನಂಬಬೇಕೋ, ಅನುಭವವನ್ನು ನಂಬಬೇಕೋ?

ರೋಗಿಯ ಸ್ಥಿತಿ ಕೆಡುತ್ತಿದೆಯೇ ಎಂದು ತಿಳಿಯಲು ನರ್ಸ್ ಆದವಳು ಯಾವುದನ್ನು ನಂಬಬೇಕು ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನೂ ನಮ್ಮ ಇನ್‌ಚಾರ್ಜ್ ಸಿಸ್ಟರ್ ಎದುರು ಸಿಟ್ಟಿನಿಂದಲೇ ಕೇಳಿದ್ದೆ. ಆಗಷ್ಟೇ ವಾರ್ಡಿಗೆ ನ್ಯೂಸ್-2 ಹಾಳೆ, ಅಂದರೆ ರೋಗಿ ಹದಗೆಡುವುದನ್ನು ಅಂಕಗಳಿಂದ ಬೇಗ ಗುರುತಿಸುವ ಹಾಳೆ, ಬಂದಿತ್ತು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿದ ಪದ್ಧತಿ ಅದು. ಉಸಿರಾಟ, ಆಮ್ಲಜನಕ, ಬಿಪಿ, ನಾಡಿ, ಪ್ರಜ್ಞೆ, ಜ್ವರ ಎಲ್ಲಕ್ಕೂ ಅಂಕ; ಸಹಜಕ್ಕಿಂತ ದೂರ ಹೋದಷ್ಟೂ ಅಂಕ ಹೆಚ್ಚು. ಒಟ್ಟು 5 ಆದರೆ ವೈದ್ಯರನ್ನು ತುರ್ತಾಗಿ ಕರೆಯಬೇಕು. 7 ಆದರೆ ತೀವ್ರ ನಿಗಾ ತಂಡವೇ ಬರಬೇಕು.

ನನ್ನದು ರಾತ್ರಿ ಪಾಳಿ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡು ದಿನವಾಗಿದ್ದ ಹೆಂಗಸು. ನಾಡಿ 108, ಮೇಲಿನ ಬಿಪಿ 106, ಆಮ್ಲಜನಕ 95, ಜ್ವರ 38.2 ಸೆಲ್ಸಿಯಸ್. ನಾಲ್ಕಕ್ಕೂ ಒಂದೊಂದು ಅಂಕ. ಉಸಿರಾಟದ ಮನೆಯಲ್ಲಿ 20 ಎಂದು ಬರೆದೆ. ಎಣಿಸಿರಲಿಲ್ಲ. ಹಿಂದಿನ ಪಾಳಿಯವರು 20 ಬರೆದಿದ್ದರು, ಅವರಿಗಿಂತ ಮುಂಚಿನವರೂ 20. ಉಳಿದ ಅಂಕಿಗಳನ್ನೆಲ್ಲ ಯಂತ್ರ ತೋರಿಸುತ್ತದೆ. ಉಸಿರನ್ನು ಮಾತ್ರ ಪೂರ್ತಿ ಒಂದು ನಿಮಿಷ ಪಕ್ಕದಲ್ಲಿ ನಿಂತು ನಾವೇ ಎಣಿಸಬೇಕು. 12ರಿಂದ 20ರವರೆಗೆ ಸೊನ್ನೆ ಅಂಕ. ಹಾಗಾಗಿ ಒಟ್ಟು 4, ನಾಲ್ಕಾರು ಗಂಟೆಗೊಮ್ಮೆ ನೋಡಿದರೆ ಸಾಕು ಎನ್ನುವ ಲೆಕ್ಕ.

ಬೆಳಗಿನ ಜಾವ ಇನ್‌ಚಾರ್ಜ್ ಬಂದರು. ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದು, ಕಣ್ಣನ್ನು ಎದೆಯ ಮೇಲಿಟ್ಟು ಎಣಿಸಿದರು. ರೋಗಿಗೆ ಗೊತ್ತಾದರೆ ಉಸಿರಿನ ಲಯವೇ ಬದಲಾಗುತ್ತದೆ, ಅದಕ್ಕೆ ಹಾಗೆ. 28 ಇತ್ತು. 25 ಮುಟ್ಟಿದರೇ 3 ಅಂಕ. ಬೇರೇನೂ ಬದಲಾಗದೆ 4 ಇದ್ದದ್ದು 7 ಆಯಿತು. "ರಾತ್ರಿಯಿಂದಲೂ ಅಮ್ಮನಿಗೆ ಹೀಗೇ ಏದುಸಿರು" ಎಂದಳು ಮಗಳು. ಕರುಳಿನ ಹೊಲಿಗೆ ಸೋರಿ ಸೋಂಕು ರಕ್ತಕ್ಕೇರಿತ್ತು. ಐಸಿಯುನಲ್ಲಿ ಬಹಳ ದಿನ ನರಳಿ ಬದುಕಿಕೊಂಡರು. ನನ್ನನ್ನು ಆ ವಾರ್ಡಿನಿಂದ ತೆಗೆದರು, ತೆಗೆದದ್ದು ನ್ಯಾಯವೇ.

ಆದ್ದರಿಂದ ಹಾಳೆಗೂ ಅನುಭವಕ್ಕೂ ಜಗಳ ಹಚ್ಚುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆ 20 ಬರೆಸಿದ್ದು ನನ್ನ ಅನುಭವವೇ. ಅಂಕ ಕಡಿಮೆಯಿದ್ದೂ ಮನಸ್ಸು ಒಪ್ಪದಿದ್ದರೆ ವೈದ್ಯರನ್ನು ಕರೆಯಿರಿ, ಪದ್ಧತಿಯೇ ಅದಕ್ಕೆ ಅವಕಾಶ ಕೊಟ್ಟಿದೆ. ಕರೆದಾಗ "ಯಾಕೋ ಸರಿಯಿಲ್ಲ ಡಾಕ್ಟರ್" ಎನ್ನಬೇಡಿ. ಎಸ್‌ಬಿಎಆರ್ ಕ್ರಮದಲ್ಲಿ ಹೇಳಿ: ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಕೊನೆಗೆ ಏನಾಗಬೇಕು ಎಂಬುದು. ಆ ಕೊನೆಯದನ್ನೇ ನಮ್ಮ ಹುಡುಗಿಯರು ಸಂಕೋಚದಿಂದ ನುಂಗಿಬಿಡುತ್ತಾರೆ. "ಈಗಲೇ ಬಂದು ನೋಡಬೇಕು" ಎಂದು ಹೇಳಿಯೇ ಫೋನ್ ಇಡಿ.