ಟ್ರೌಟ್ ಮೀನಿನ ಮರಿಗಳನ್ನು ಲಸಿಕೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದರೆ ಸಾಕಾ?

ಕೆಲವು ರೋಗಗಳಿಗೆ ಸಾಕು. ಅಮೆರಿಕದ ಐಡಹೋದಲ್ಲಿ 1950ರ ದಶಕದಲ್ಲಿ ಕಂಡ, ಬ್ಯಾಕ್ಟೀರಿಯಾದಿಂದ ಬರುವ ಕೆಂಪುಬಾಯಿ ರೋಗಕ್ಕೆ 1976ರಲ್ಲೇ ಲಸಿಕೆ ಬಂತು, ಇವತ್ತಿಗೂ ಮರಿಗಳನ್ನು ಅದರಲ್ಲಿ ಸುಮಾರು 30 ಸೆಕೆಂಡು ಅದ್ದುತ್ತಾರೆ. ಸೂಜಿ ಬೇಡ. ಯಾಕೆಂದರೆ ಕಿವಿರು, ಚರ್ಮ, ಕರುಳಿನ ಲೋಳೆಯಲ್ಲೇ ಮೀನಿನ ಮೊದಲ ಕಾವಲು ಇರುತ್ತದೆ, ಅಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಐಜಿಟಿ ಅನ್ನುವ, ನಮ್ಮಲ್ಲಿ ಇಲ್ಲವೇ ಇಲ್ಲದ ಒಂದು ಪ್ರತಿಕಾಯ (ರೋಗಾಣುಗಳನ್ನು ಎದುರಿಸುವ ಪ್ರೋಟೀನ್). ನನಗಂತೂ ಇದು ತುಂಬಾ ಇಷ್ಟವಾದ ವಿಷಯ! ಇನ್ನೊಂದು, ನಮ್ಮ ಹಾಗೆ ಇವುಗಳ ರಕ್ತಕಣಗಳು ಎಲುಬಿನ ಮಜ್ಜೆಯಲ್ಲಿ ಹುಟ್ಟುವುದಿಲ್ಲ, ಮೂತ್ರಪಿಂಡದ ಮುಂಭಾಗದಲ್ಲಿ ಹುಟ್ಟುತ್ತವೆ.

ಆದರೆ ನೀರು ತೀರಾ ತಣ್ಣಗಿದ್ದರೆ ಪ್ರತಿಕಾಯ ನಿಧಾನವಾಗಿ ಬರುತ್ತದೆ. ಮರಿ ತುಂಬಾ ಚಿಕ್ಕದಾದರೆ ರಕ್ಷಣೆ ಬೇಗ ಮುಗಿಯುತ್ತದೆ. ಕೊಳದಲ್ಲಿ ಜಾಸ್ತಿ ಮೀನು ತುಂಬಿ ಆಮ್ಲಜನಕ ಕಡಿಮೆ ಮಾಡಿದರೆ ಲಸಿಕೆ ಹಾಕಿದ ಮೀನೂ ರೋಗಕ್ಕೆ ಬೀಳಬಹುದು.